ಅಟ್ಟದ ಮೇಲಿನ ಕಾಗದ, ವಿಶ್ವವಿದ್ಯಾಲಯದ ಕಪಾಟು: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಭಾಷಣ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದವು, ಕಾಗದ ಬರೆದು ಕೇಳಿದವು, ಫೋನಿನಲ್ಲಿ "ಒಂದೇ ನಿಮಿಷ" ಎಂದು ಅರ್ಧ ಗಂಟೆ ಕೇಳಿದವು. ಇಲ್ಲಿರುವುದು ಅವೇ ಪ್ರಶ್ನೆಗಳು, ಮನೆಯ ಹಳೆ ಕಾಗದ, ತಾಳೆಗರಿ, ಅವನ್ನು ಕಾಪಿಡುವ ದಾಖಲೆ ಸಂಗ್ರಹಗಳ (ಆರ್ಕೈವ್ಸ್) ಬಗ್ಗೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ನಾನು ಯಾವ ಕಚೇರಿಯ ಪರವಾಗಿಯೂ ಮಾತಾಡುತ್ತಿಲ್ಲ. ಸಮಯ, ಶುಲ್ಕ, ಅನುಮತಿಯ ನಿಯಮ ಬದಲಾಗುತ್ತಲೇ ಇರುತ್ತವೆ. ಹೊರಡುವ ಮೊದಲು ಆಯಾ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳಿ.

## ಮೊದಲ ಪ್ರಶ್ನೆಗಳು

ಆರ್ಕೈವ್ಸ್ ಅಂದ್ರೆ ದೊಡ್ಡ ಲೈಬ್ರರಿ ತಾನೇ?

ಅಲ್ಲ. ಲೈಬ್ರರಿಯ ಪುಸ್ತಕ ಕಳೆದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ದಾಖಲೆ ಸಂಗ್ರಹದಲ್ಲಿ ಇರುವುದರಲ್ಲಿ ಬಹುಪಾಲಿಗೆ ಎರಡನೇ ಪ್ರತಿಯೇ ಇಲ್ಲ.

ಜೋಡಿಸುವ ಕ್ರಮವೂ ಬೇರೆ. ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ದಾಖಲೆಗಳನ್ನು ಅವು ಎಲ್ಲಿಂದ ಬಂದವು ಎಂಬುದರ ಪ್ರಕಾರ ಇಡುತ್ತಾರೆ. ಒಂದು ಮನೆಯಿಂದ ಬಂದ ಕಟ್ಟು ಒಂದೇ ಕಟ್ಟಾಗಿ ಉಳಿಯಬೇಕು. ಅದರಲ್ಲಿ ಜಮೀನಿನ ಕ್ರಯಪತ್ರ, ಮದುವೆ ಖರ್ಚಿನ ಲೆಕ್ಕ, ಕೋರ್ಟ್ ನೋಟಿಸ್ ಎಲ್ಲ ಬೆರೆತಿದ್ದರೂ ಸರಿ. ಮದುವೆ ಆದ ಎರಡೇ ತಿಂಗಳಿಗೆ ಗದ್ದೆ ಮಾರಿದ್ದಾರೆ ಅಂತ ಗೊತ್ತಾಗುವುದು ಆ ಎರಡೂ ಕಾಗದ ಒಟ್ಟಿಗೆ ಇದ್ದಾಗ ಮಾತ್ರ. ಕ್ರಯಪತ್ರವನ್ನು 'ಜಮೀನು' ಎಂಬ ಪೆಟ್ಟಿಗೆಗೂ ಖರ್ಚಿನ ಚೀಟಿಯನ್ನು 'ಸಂಸ್ಕೃತಿ' ಎಂಬ ಪೆಟ್ಟಿಗೆಗೂ ಹಾಕಿದರೆ ಆ ಕತೆ ಅಲ್ಲಿಗೇ ಸತ್ತಿತು. ಮುಂದಿನ ಉತ್ತರಗಳಲ್ಲಿ ನಾನು "ಬೇರೆ ಮಾಡಬೇಡಿ" ಎಂದು ಗೊಣಗಿದರೆ ಕಾರಣ ಇದೇ.

ಮೈಸೂರಿನಲ್ಲಿ ಏನೇನಿದೆ? ಯಾವ ಬಾಗಿಲು ತಟ್ಟಬೇಕು?

ಎಲ್ಲ ಒಂದೇ ಕಟ್ಟಡದಲ್ಲಿ ಇಲ್ಲ. ಜಾಸ್ತಿ ಜನ ಮೊದಲ ದಿನ ತಪ್ಪು ಬಾಗಿಲಿಗೇ ಹೋಗುತ್ತಾರೆ.

ಹಳೆಯದು ಪ್ರಾಚ್ಯವಿದ್ಯಾ ಸಂಶೋಧನಾಲಯ. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಓರಿಯಂಟಲ್ ಲೈಬ್ರರಿ ಎಂದು ಶುರುವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಜೊತೆ ಸೇರಿತು. ಸಂಸ್ಕೃತದ ತಾಳೆಗರಿಗಳು ಇಲ್ಲಿವೆ. ಕನ್ನಡದ ಹಸ್ತಪ್ರತಿಗೆ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ಹೋಗಬೇಕು. ಅಲ್ಲಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ 1966ರಲ್ಲಿ ಆರಂಭವಾದದ್ದು. ಉಳುವ ನೇಗಿಲು, ಸೋಮನ ಕುಣಿತದ ಮುಖವಾಡ, ಗೊಂಬೆಗಳ ಹುಡುಕಾಟವಾದರೆ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತು ಸಂಗ್ರಹಾಲಯ.

ವಿಶ್ವವಿದ್ಯಾಲಯದ ಹೊರಗೆ ಇನ್ನೂ ಕೆಲವು ಬಾಗಿಲುಗಳಿವೆ. ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರ ಇಲಾಖೆ. ಅರಮನೆಯ ದಾಖಲೆಗಳು ಬೇರೆ. ಶಾಸನಗಳ ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು) ನೋಡಬೇಕೆಂದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಮೈಸೂರಿನಲ್ಲೇ ಇದೆ. ಊಟಿಯಿಂದ 1966ರಲ್ಲಿ ಇಲ್ಲಿಗೆ ಬಂದದ್ದು.

ನಾನು ಮಂಡ್ಯದವನು. ನಮ್ಮೂರಿನ ದಾಖಲೆ ಮೈಸೂರು ಹೆಸರಲ್ಲಿ ಯಾಕಿದೆ?

1939ರ ತನಕ ಮಂಡ್ಯ ಜಿಲ್ಲೆಯೇ ಇರಲಿಲ್ಲ. ಅದಕ್ಕೂ ಹಿಂದಿನ ಬಹುಪಾಲು ಕಾಗದದಲ್ಲಿ ನಿಮ್ಮೂರು ಮೈಸೂರು ಜಿಲ್ಲೆಯಲ್ಲಿದೆ. ಲೂಯಿ ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶ್ರೀರಂಗಪಟ್ಟಣ, ಮಂಡ್ಯ, ಮಳವಳ್ಳಿ ತಾಲ್ಲೂಕಿನ ಶಾಸನಗಳು ಮೂರನೇ ಸಂಪುಟದಲ್ಲಿವೆ. ನಾಗಮಂಗಲ, ಕೃಷ್ಣರಾಜಪೇಟೆಯವು ನಾಲ್ಕನೆಯದರಲ್ಲಿವೆ. ಎರಡರ ಹೆಸರೂ ಮೈಸೂರು ಜಿಲ್ಲೆ ಅಂತಲೇ. ವಿಶ್ವವಿದ್ಯಾಲಯ ಆಮೇಲೆ ಹೊರತಂದ ಹೊಸ ಆವೃತ್ತಿಯಲ್ಲಿ ಮಂಡ್ಯಕ್ಕೆ ಬೇರೆ ಸಂಪುಟಗಳಿವೆ.

ಹುಡುಕುವಾಗ ಊರುಗಳ ಹಳೆ ಹೆಸರೂ ಗೊತ್ತಿರಬೇಕು. ಪಾಂಡವಪುರ ಬ್ರಿಟಿಷರ ಕಾಗದದಲ್ಲಿ ಫ್ರೆಂಚ್ ರಾಕ್ಸ್, ಅದಕ್ಕೂ ಮುಂಚೆ ಹಿರೋಡೆ. ಕೃಷ್ಣರಾಜಪೇಟೆ ಹಳೆಯ ಪಟ್ಟಿಯಲ್ಲಿ ಅತ್ತಿಗುಪ್ಪೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಮೊದಲು ಇರ್ವಿನ್ ನಾಲೆ. ಕಂಪ್ಯೂಟರಿನಲ್ಲಿ "ಪಾಂಡವಪುರ" ಅಂತ ಟೈಪ್ ಮಾಡಿ, ಏನೂ ಸಿಗಲಿಲ್ಲ ಎಂದು ವಾಪಸ್ ಹೋದವರು ಬಹಳ.

ಹಳೇ ಕನ್ನಂಬಾಡಿಯವರದ್ದು ಇನ್ನೊಂದು ಬಗೆಯ ಕಷ್ಟ. 1911ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿನ ಕೆಲಸ ಶುರುವಾಯಿತು. ಹಿನ್ನೀರಿನಲ್ಲಿ ಊರೇ ಮುಳುಗಿತು. ಮುಳುಗಿದ ಊರಿನ ಬೀದಿ, ಕೇರಿ, ತೋಟದ ಹೆಸರು ತಿಳಿಯಬೇಕಾದರೆ ಪರಿಹಾರದ ಕಾಗದ, ಹಳೆ ನಕ್ಷೆ, ಎತ್ತಂಗಡಿಯಾದ ಮನೆಗಳ ಟ್ರಂಕು ಇವೇ ಗತಿ.

ಟಿಪ್ಪು ಕಾಲದ ದಾಖಲೆಯೆಲ್ಲ ಲಂಡನ್‌ಗೆ ಹೋಯ್ತಂತೆ, ಇಲ್ಲಿ ಏನು ಉಳಿದಿದೆ?

ಅರ್ಧ ನಿಜ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಪುಸ್ತಕ ಭಂಡಾರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಕಲ್ಕತ್ತ, ಲಂಡನ್ ಎಂದು ಹಂಚಿಹೋಯಿತು. ಆ ನಂತರ ಮೈಸೂರು ಸರ್ವೆ ಮಾಡಲು ಬಂದ ಕಾಲಿನ್ ಮೆಕೆಂಜಿ ಊರೂರಿನ ಕೈಫಿಯತ್ತುಗಳನ್ನು (ಊರಿನ ಹಿನ್ನೆಲೆಯ ವಿವರಗಳನ್ನು) ಬರೆಸಿಕೊಂಡ. ಅವುಗಳಲ್ಲಿ ಕನ್ನಡದವು ಎಷ್ಟೋ ಚೆನ್ನೈನ ಸರ್ಕಾರಿ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಲಂಡನ್‌ಗೆ ಟಿಕೆಟ್ ಬೇಡ, ರಾತ್ರಿ ರೈಲು ಸಾಕು.

ನಮ್ಮಂಥ ಸಾಮಾನ್ಯರ ಮನೆ ಕಾಗದ ಯಾರಿಗೆ ಬೇಕು ಸ್ವಾಮಿ?

ಇದೇ ನನಗೆ ಅತಿ ಜಾಸ್ತಿ ಬರುವ ಪ್ರಶ್ನೆ. ಉತ್ತರವೂ ಇದಕ್ಕೇ ಉದ್ದ.

ಅರಮನೆಯದ್ದು, ದಿವಾನರದ್ದು ಉಳಿದಿದೆ. ಉಳಿಸುವುದಕ್ಕೆ ಸಂಬಳದ ಜನ ಇದ್ದರು. 1881ರಿಂದ ನಡೆದ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಕಲಾಪ ಅಚ್ಚಾಗಿದೆ. ಅದರಲ್ಲಿ ಕೆರೆ ಒಡೆದದ್ದು, ರಸ್ತೆ ಬೇಕೆಂದದ್ದು ಎಲ್ಲ ಸಿಗುತ್ತದೆ. ಆದರೆ ಅಲ್ಲಿ ಮಾತಾಡಿದವರು ಆಸ್ತಿ, ಕಂದಾಯ ಇದ್ದವರು. ಕೂಲಿಗೆ ಹೋದವನ ಮಾತು ಅಲ್ಲಿಲ್ಲ.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಕಂಪನಿಯ ವರದಿಯಲ್ಲಿ ಎಷ್ಟು ಕಬ್ಬು ಅರೆದರು ಎಂದು ಬರುತ್ತದೆ. ಒಬ್ಬ ರೈತ ಗಾಡಿ ಕಟ್ಟಿಕೊಂಡು ಯಾವತ್ತು ಹೋದ, ಎಷ್ಟು ತೂಗಿತು, ಸಾಲಕ್ಕೆ ಎಷ್ಟು ಮುರಿದುಕೊಂಡರು, ಕೈಗೆ ಎಷ್ಟು ಬಂತು ಎಂಬುದು ತೂಕದ ಚೀಟಿಯಲ್ಲಿರುತ್ತದೆ. ಅಂಥ ಚೀಟಿಗಳ ಒಂದು ಕಂತೆ, ಒಂದೇ ಮನೆಯದ್ದು, ಹತ್ತು ಹದಿನೈದು ವರ್ಷದ್ದು ಸಿಕ್ಕರೆ ಆ ಊರಿನ ನೀರಾವರಿಯ ಚರಿತ್ರೆಯನ್ನು ಬೇರೆ ಥರ ಬರೆಯಬಹುದು.

ಶಾನುಭೋಗರ ಲೆಕ್ಕವೂ ಹಾಗೇ. 1960ರ ದಶಕದಲ್ಲಿ ಶಾನುಭೋಗಿಕೆ, ಪಟೇಲಿಕೆ ಹೋದವು. ಎಷ್ಟೋ ಲೆಕ್ಕದ ಪುಸ್ತಕ ಮನೆಗಳಲ್ಲೇ ಉಳಿದವು. ಆಮೇಲೆ ಸೌದೆ ಒಲೆಗೆ ಹೋದವು, ಹಳೇ ಪೇಪರಿನವನ ತಕ್ಕಡಿಗೆ ಹೋದವು. ಇನ್ನು 1938ರ ಶಿವಪುರದ ಧ್ವಜ ಸತ್ಯಾಗ್ರಹ. ನಾಯಕರ ಹೆಸರು ಎಲ್ಲರಿಗೂ ಗೊತ್ತು. ಅವತ್ತು ಅನ್ನ ಬೇಯಿಸಿದವರು ಯಾರು, ಚಪ್ಪರಕ್ಕೆ ಗಳ ಕೊಟ್ಟವರು ಯಾರು? ಅದು ಎಲ್ಲಾದರೂ ಬರೆದಿಟ್ಟಿದ್ದರೆ ಸುತ್ತಲಿನ ಯಾವುದೋ ಮನೆಯ ನೋಟ್‌ಬುಕ್ಕಿನಲ್ಲಿ ಇರಬೇಕು.

ಬೇಡವಾದದ್ದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅಚ್ಚಾದ ಪಂಚಾಂಗ, ಎಲ್ಲರ ಮನೆಯಲ್ಲೂ ಇರುವ ವಾರಪತ್ರಿಕೆಯ ಬಿಡಿ ಸಂಚಿಕೆ, ಸರ್ಟಿಫಿಕೇಟಿನ ಜೆರಾಕ್ಸ್. ಇವನ್ನು ಸಾಮಾನ್ಯವಾಗಿ ಯಾರೂ ತೆಗೆದುಕೊಳ್ಳುವುದಿಲ್ಲ. ಪಂಚಾಂಗದ ಅಂಚಿನಲ್ಲಿ ಅಜ್ಜ ದಿನಚರಿ ಬರೆದಿದ್ದರೆ ಮಾತು ಬೇರೆ.

## ಮನೆಯಲ್ಲಿರುವಾಗ

ತಾಳೆಗರಿ ಕಟ್ಟು ಸಿಕ್ಕಿದೆ. ಇಷ್ಟು ದಿನ ದೇವರ ಮನೆಯಲ್ಲಿ ಅರಿಶಿನ ಕುಂಕುಮ ಹಾಕ್ತಿದ್ವಿ. ಈಗೇನು ಮಾಡಲಿ?

ಪೂಜೆ ಮಾಡಿದ್ದರಿಂದಲೇ ಅದು ಉಳಿದಿದೆ, ಅದಕ್ಕೆ ಬೇಜಾರು ಬೇಡ. ಇನ್ನು ಮೇಲೆ ಬಟ್ಟೆ ಸುತ್ತಿ ಪೂಜೆ ಮಾಡಿ. ಕುಂಕುಮ, ಎಣ್ಣೆ, ನೀರು ಗರಿಗೆ ತಾಕದಿರಲಿ.

ದಾರ ಹಳೆಯದಾಗಿದ್ದರೆ ಎಳೆಯಬೇಡಿ. ತೂತಿನ ಹತ್ತಿರ ಗರಿ ಸೀಳುತ್ತದೆ. ಗರಿಗಳು ಅಂಟಿಕೊಂಡಿದ್ದರೆ ಚಾಕು ತೂರಿಸಿ ಬಿಡಿಸಬೇಡಿ. ಬಿಸಿಲಿಗೂ ಇಡಬೇಡಿ. ಅಕ್ಷರ ಕಾಣಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವ ಚಾಳಿ ಒಂದಿದೆ. ದಯವಿಟ್ಟು ಬೇಡ, ಅದಕ್ಕೆ ಧೂಳು, ಹುಳ ಎರಡೂ ಹತ್ತುತ್ತವೆ. ಸಂಸ್ಥೆಗಳಲ್ಲಿ ಸಿಟ್ರೊನೆಲ್ಲಾ ಎಣ್ಣೆಯಿಂದ ಒರೆಸಿ, ದೀಪದ ಮಸಿ ತುಂಬಿ ಅಕ್ಷರ ಎಬ್ಬಿಸುತ್ತಾರೆ. ಆ ಕೈಚಳಕಕ್ಕೆ ಅಭ್ಯಾಸ ಬೇಕು.

ಕಟ್ಟಿನ ಎರಡೂ ಕಡೆ ಗರಿಗಿಂತ ಸ್ವಲ್ಪ ದೊಡ್ಡ ಮರದ ಪಟ್ಟಿ ಇಟ್ಟು, ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದಂತೆ ಇಡಿ. ಮೈಸೂರು ಸೀಮೆಯ ಮಳೆಗಾಲದಲ್ಲಿ ಹೊರಗೋಡೆಯ ತಂಪೇ ಬೂಸ್ಟಿಗೆ ಸಾಕು.

ಹರಿದ ಪತ್ರಕ್ಕೆ ಟೇಪ್ ಹಾಕಬಹುದಾ? ಇಲ್ಲಾಂದ್ರೆ ಲ್ಯಾಮಿನೇಷನ್?

ಎರಡೂ ಬೇಡ. ಟೇಪಿನ ಅಂಟು ಕೆಲವೇ ವರ್ಷದಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಕಿತ್ತು ಬಂದರೂ ಕಲೆ ಹೋಗುವುದಿಲ್ಲ. ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು. ಬಿಸಿ ಕೊಟ್ಟು ಪ್ಲಾಸ್ಟಿಕ್ಕನ್ನು ಕಾಗದಕ್ಕೆ ಬೆಸೆಯುತ್ತಾರೆ. ಆಮೇಲೆ ಅದನ್ನು ಬಿಡಿಸುವ ದಾರಿಯೇ ಇಲ್ಲವೆನ್ನಬಹುದು. ಕಾಗದದ ಒಳಗಿನ ಆಮ್ಲ ಒಳಗೇ ಕೂತು ಕೆಲಸ ಮಾಡುತ್ತಿರುತ್ತದೆ. ಜೆರಾಕ್ಸ್ ಅಂಗಡಿಯವರು "ಲೈಫ್‌ಟೈಮ್ ಗ್ಯಾರಂಟಿ ಸಾರ್" ಅನ್ನುತ್ತಾರೆ. ಅದು ಪ್ಲಾಸ್ಟಿಕ್‌ಗೆ ಕೊಟ್ಟ ಗ್ಯಾರಂಟಿ.

ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡ್ ನಿಧಾನವಾಗಿ ತೆಗೆಯಿರಿ. ಹರಿದ ಚೂರುಗಳನ್ನು ಅದೇ ಹಾಳೆಯ ಜೊತೆ ಒಂದು ಬಿಳಿ ಲಕೋಟೆಯಲ್ಲಿಡಿ. ನ್ಯೂಸ್‌ಪೇಪರಿನಲ್ಲಿ ಮಾತ್ರ ಸುತ್ತಬೇಡಿ. ಅದರ ಆಮ್ಲ ಒಳಗಿನ ಕಾಗದಕ್ಕೂ ಹತ್ತುತ್ತದೆ.

ಫೋಟೋ ಹಿಂದೆ ಹೆಸರು ಬರೆಯಲಾ?

ಬರೆಯಿರಿ, ಮೆತ್ತನೆ ಪೆನ್ಸಿಲ್‌ನಲ್ಲಿ, ಅಂಚಿನಲ್ಲಿ, ಒತ್ತದೆ. "ಅಜ್ಜಿ" ಎಂದು ಬರೆಯಬೇಡಿ. ಯಾರ ಅಜ್ಜಿ ಅಂತ ಮುಂದಿನವರಿಗೆ ಗೊತ್ತಾಗಲ್ಲ. ಪೂರ್ತಿ ಹೆಸರು, ಊರು, ಅಂದಾಜು ವರ್ಷ ಬೇಕು. ಗುರುತು ಹಿಡಿಯುವ ಹಿರಿಯರು ಇರುವಾಗಲೇ ಮಾಡಿ.

ಹೊಲ ಉಳುವಾಗ ಅಕ್ಷರ ಇರೋ ಕಲ್ಲು ಸಿಕ್ತು. ವಿಶ್ವವಿದ್ಯಾಲಯಕ್ಕೆ ಸಾಗಿಸಲಾ?

ಕದಲಿಸಬೇಡಿ. ಶಾಸನ ನಿಂತ ಜಾಗವೂ ಶಾಸನದ ಭಾಗ. ಯಾವ ಕೆರೆಯ ಕೋಡಿ, ಯಾವ ಗಡಿ ಎಂಬುದು ಆ ಜಾಗದಿಂದ ತಿಳಿಯುತ್ತದೆ.

ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣುತ್ತದೆ. ಸುಣ್ಣ, ಪೇಂಟ್, ಎಣ್ಣೆ ಬಳಿಯಬೇಡಿ. ಆಮೇಲೆ ಪುರಾತತ್ವ ಇಲಾಖೆಗೆ ತಿಳಿಸಿ. ರಾಜ್ಯ ಇಲಾಖೆಯ ಕೇಂದ್ರ ಕಚೇರಿಯೂ ಮೈಸೂರಿನಲ್ಲೇ ಇದೆ.

ಕಲ್ಲು ಸಣ್ಣದು, ಬರೀ ನಾಯಿ ಹಂದಿ ಚಿತ್ರ ಅಂತ ತಾತ್ಸಾರ ಬೇಡ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ ಇರುವುದೂ ನಾಯಿ, ಹಂದಿಯೇ. ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಕಾದಾಡಿ ಸತ್ತದ್ದಕ್ಕೆ ಮಣಲೆರ ಎಂಬ ವೀರ ನಿಲ್ಲಿಸಿದ ಕಲ್ಲು ಅದು, ಕ್ರಿ.ಶ. 949ರ ಸುಮಾರಿನದು. ರಾಷ್ಟ್ರಕೂಟರು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಸುದ್ದಿಯೂ ಅದೇ ಕಲ್ಲಿನಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ.

## ಕೊಡುವಾಗ

ಕೊಟ್ಟರೆ ಕಳೆದುಹಾಕಲ್ವಾ? ನಮ್ಮ ಮನೆಯಲ್ಲೇ ಚೆನ್ನಾಗಿರುತ್ತೆ ಅಲ್ವಾ?

ನೀವು ಇರುವ ತನಕ ಚೆನ್ನಾಗಿರುತ್ತದೆ. ಮನೆ ಪಾಲಾದಾಗ ಏನಾಗುತ್ತದೆ ಅಂತ ಯೋಚಿಸಿ. ಹಾಗಂತ ಸಂಸ್ಥೆಗಳಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಸಿಬ್ಬಂದಿ ಕಡಿಮೆ, ಹಳೆ ಕಟ್ಟಡ, ಸೋರುವ ಸೂರು, ಸೂಚಿಯಾಗದೆ (ಕ್ಯಾಟಲಾಗಿಗೆ ಸೇರದೆ) ಕೂತ ಗಂಟುಗಳು ಇವು ಇರುವ ಸಂಗತಿಗಳೇ.

ಅದಕ್ಕೇ ಬಾಯಿಮಾತಿನಲ್ಲಿ ಕೊಡಬೇಡಿ. ಒಂದು ದಾನಪತ್ರ ಇರಲಿ. ಏನೇನು ಕೊಟ್ಟಿರಿ ಎಂಬ ಪಟ್ಟಿ, ಯಾರು ನೋಡಬಹುದು, ನಿಮಗೆ ಪ್ರತಿ ಬೇಕಾದರೆ ಹೇಗೆ, ಸಂಸ್ಥೆಗೆ ಮುಂದೆ ಬೇಡವಾದರೆ ಯಾರಿಗೆ ಹಿಂದಿರುಗಬೇಕು ಎಲ್ಲ ಅದರಲ್ಲಿರಲಿ. ಸ್ವೀಕೃತಿ ಪತ್ರವೂ, ನೋಂದಣಿ ಸಂಖ್ಯೆಯೂ ಕೇಳಿ ಪಡೆಯಿರಿ. ಸಂಖ್ಯೆ ಇಲ್ಲದ ಕಟ್ಟನ್ನು ಇಪ್ಪತ್ತು ವರ್ಷದ ಮೇಲೆ ಹುಡುಕುವುದು ದೇವರಿಗೂ ಕಷ್ಟ.

ಜೊತೆಗೆ ಕಟ್ಟಿನ ಕತೆಯನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಯಾರ ಮನೆಯದ್ದು, ಯಾರು ಇಟ್ಟುಕೊಂಡಿದ್ದರು, ಎಲ್ಲಿಂದ ಬಂತು. 1905ರಲ್ಲಿ ಇದೇ ಓರಿಯಂಟಲ್ ಲೈಬ್ರರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂತು. ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿದರು. ಜಗತ್ತಿನ ಕಣ್ಣು ಮೈಸೂರಿನ ಕಡೆ ತಿರುಗಿತು. ಕೊಟ್ಟವರು ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಎಂದಷ್ಟೇ ಶಾಸ್ತ್ರಿಗಳು ಬರೆದರು. ಹೆಸರು ಬರೆಯಲಿಲ್ಲ. ಆ ಮನೆಯಲ್ಲಿ ಅದು ಎಷ್ಟು ತಲೆಮಾರು ಇತ್ತು, ಯಾರು ಪ್ರತಿ ಮಾಡಿದರು, ಜೊತೆಗೆ ಇನ್ನೇನು ಗ್ರಂಥಗಳಿದ್ದವು ಎಂದು ಕೇಳಲು ಈಗ ಯಾರನ್ನು ಹುಡುಕುವುದು?

ಮೂಲ ಕೊಡಲ್ಲ, ಸ್ಕ್ಯಾನ್ ಮಾತ್ರ ಕೊಡ್ತೀನಿ. ಆಗುತ್ತಾ?

ಎಷ್ಟೋ ಕಡೆ ಒಪ್ಪುತ್ತಾರೆ. ಮೊಬೈಲಿನ ಫೋಟೋ ಆದರೆ ಮೊಬೈಲನ್ನು ಕಾಗದಕ್ಕೆ ನೇರವಾಗಿ ಮೇಲೆ ಹಿಡಿಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಖಾಲಿ ಪುಟವನ್ನೂ ಬಿಡಬೇಡಿ. ಆ ಫೋಟೋಗಳನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ.

ಎಷ್ಟು ದುಡ್ಡು ಕೊಡ್ತಾರೆ?

ಸಾಮಾನ್ಯವಾಗಿ ಏನೂ ಇಲ್ಲ. ಯಾರಾದರೂ ಭಾರಿ ಬೆಲೆ ಹೇಳಿ ಹೊರದೇಶಕ್ಕೆ ಕಳಿಸುತ್ತೇವೆ ಎಂದರೆ ಹುಷಾರು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಮಹತ್ವದ ಹಸ್ತಪ್ರತಿಯೂ ಪುರಾವಸ್ತುವೇ. ಖಾಸಗಿಯವರು ಅದನ್ನು ರಫ್ತು ಮಾಡುವಂತಿಲ್ಲ.

ತಾತನ ಪತ್ರಗಳಲ್ಲಿ ಮನೆ ಜಗಳ, ಸಾಲ, ಹೇಳಬಾರದ್ದೆಲ್ಲ ಇದೆ. ಆ ಪುಟ ಕಿತ್ತು ಕೊಡಲಾ?

ಕೀಳಬೇಡಿ. ಬೀಗ ಹಾಕಿಸಿ. ಇಂತಿಷ್ಟು ವರ್ಷ ಯಾರಿಗೂ ತೋರಿಸಬಾರದು ಎಂದು ದಾನಪತ್ರದಲ್ಲಿ ಷರತ್ತು ಹಾಕಬಹುದು. ಇದು ಹಲವು ಕಡೆ ಇರುವ ಪದ್ಧತಿ. ಇವತ್ತು ನಾಚಿಕೆ ತರುವ ಸಾಲದ ಪತ್ರವೇ ನಾಳೆ ಆ ಕಾಲದ ಬಡ್ಡಿ ದರಕ್ಕೆ ಸಾಕ್ಷಿ.

## ಓದುವಾಗ, ಹುಡುಕುವಾಗ

ನಮ್ಮ ವಂಶವೃಕ್ಷ ಅಲ್ಲಿ ಸಿಗುತ್ತಾ?

ಸಿದ್ಧ ವಂಶವೃಕ್ಷ ಸಿಗುವುದು ಅಪರೂಪ. ಇನಾಮು, ಮಠ, ದೇವಸ್ಥಾನದ ಮನೆತನವಾದರೆ ಸನ್ನದು, ನಿರೂಪಗಳಲ್ಲಿ (ಅರಸರ ಕಾಲದ ದಾನಪತ್ರ, ಆಜ್ಞೆಗಳಲ್ಲಿ) ಹೆಸರು ಇರಬಹುದು. ಉಳಿದವರಿಗೆ ಜಮೀನಿನ ಕಾಗದವೇ ದಾರಿ. ಅದಕ್ಕೂ ಮೊದಲು ನಿಮ್ಮ ಊರಿಗೆ ಹೆಳವರು ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ಏಳೆಂಟು ತಲೆಮಾರು ಹೇಳುತ್ತಿದ್ದವರು ಅವರು.

ಹಳೆ ಬರವಣಿಗೆ ಒಂದಕ್ಷರ ಅರ್ಥ ಆಗಲ್ಲ. ಕನ್ನಡವೇನಾ ಅದು?

ಕನ್ನಡ ಇರಬಹುದು, ಲಿಪಿ ಬೇರೆ ಇರಬಹುದು. ಇಲ್ಲಿಯ ಸಂಸ್ಕೃತ ಹಸ್ತಪ್ರತಿಗಳು ನಂದಿನಾಗರಿ, ಗ್ರಂಥ, ತಿಗಳಾರಿ ಲಿಪಿಗಳಲ್ಲೂ ಇವೆ. ಹಳೆಯ ಲೆಕ್ಕಪತ್ರ ಕೆಲವು ಮರಾಠಿಯ ಮೋಡಿ ಲಿಪಿಯಲ್ಲಿವೆ. ಕನ್ನಡದಲ್ಲೇ ಇದ್ದರೂ ಪದಗಳ ನಡುವೆ ಜಾಗ ಬಿಡದೆ, ಒತ್ತಕ್ಷರ ಸೇರಿಸಿ, ಕೈ ಎತ್ತದೆ ಬರೆದಿರುತ್ತಾರೆ. ಮೊದಲು ತೇದಿಯ ಸಾಲು ಹುಡುಕಿ. ಶಾಲಿವಾಹನ ಶಕ, ಸಂವತ್ಸರ, ಮಾಸ ಇರುತ್ತದೆ. ಅಲ್ಲಿ ಕಂಡ ಅಕ್ಷರಗಳ ಆಕಾರ ಹಿಡಿದು ಮುಂದಕ್ಕೆ ಹೋಗಿ. ಊರಿನ ಹೆಸರು, ವ್ಯಕ್ತಿಯ ಹೆಸರು ಬಿಡಿಸಿಕೊಂಡರೆ ಉಳಿದದ್ದು ನಿಧಾನಕ್ಕೆ ಕೈಗೆ ಬರುತ್ತದೆ.

ಹೋಗುವಾಗ ಏನು ತಗೊಂಡು ಹೋಗಬೇಕು?

ಗುರುತಿನ ಚೀಟಿ, ಪೆನ್ಸಿಲ್, ನೋಟ್‌ಬುಕ್. ವಿದ್ಯಾರ್ಥಿಯಾದರೆ ವಿಭಾಗದ ಪತ್ರ. ಪೆನ್ನು, ನೀರಿನ ಬಾಟಲಿ ಹೊರಗೆ. ಜೊತೆಗೆ ಸಂಯಮ ಬೇಕು. ಮೊದಲ ದಿನ ಸೂಚಿ ನೋಡುವುದರಲ್ಲೇ ಹೋಗುತ್ತದೆ.

## ಸ್ವಲ್ಪ ಆಳದ ಪ್ರಶ್ನೆಗಳು

ಎಲ್ಲ ಸ್ಕ್ಯಾನ್ ಮಾಡಿ ನೆಟ್‌ಗೆ ಹಾಕಿದ್ರೆ ಮುಗೀತಲ್ವಾ?

ಮುಗಿಯಲಿಲ್ಲ, ಇನ್ನೊಂದು ಸಂಗ್ರಹ ಕಾಪಾಡುವ ಕೆಲಸ ಶುರುವಾಯಿತು. ಒಂದು ಹಾರ್ಡ್ ಡಿಸ್ಕ್ ಕೆಟ್ಟರೆ ಸಾವಿರಾರು ಪುಟ ಒಂದೇ ಕ್ಷಣದಲ್ಲಿ ಹೋಗುತ್ತದೆ. ಗೆದ್ದಲು ಅಷ್ಟು ಚುರುಕಲ್ಲ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ಇದು ಕನಿಷ್ಠ. ಕಾಪಿಡುವ ಪ್ರತಿ ಟಿಫ್ ಆಗಿರಲಿ, ಹಂಚುವುದಕ್ಕೆ ಜೆಪೆಗ್ ಸಾಕು. ಫೈಲಿಗೆ ಹೆಸರಿಡುವಾಗ ಕಟ್ಟಿನ ನೋಂದಣಿ ಸಂಖ್ಯೆ ಸೇರಿಸಿ. "ಐಎಂಜಿ 0045" ಎಂಬ ಚಿತ್ರ ಯಾವ ಮನೆಯದ್ದು ಅಂತ ಯಾರು ಹೇಳಬೇಕು?

ನಮ್ಮ ಹತ್ತಿರ ಹಳೆ ನುಡಿ ಫೈಲ್‌ಗಳಿವೆ. ತೆರೆದರೆ ಬರೀ ಗೀಚು. ಇದೂ ದಾಖಲೆನಾ?

ಖಂಡಿತ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ, ಶ್ರೀಲಿಪಿ ಫೈಲುಗಳು ಆಯಾ ಫಾಂಟ್ ಇಲ್ಲದೆ ಓದಲಾಗುವುದಿಲ್ಲ. 1990ರ ದಶಕದ ಸಂಘ ಸಂಸ್ಥೆಗಳ ಠರಾವು, ಸ್ಮರಣ ಸಂಚಿಕೆ ಎಷ್ಟೋ ಹೀಗೆ ಸಿಕ್ಕಿಕೊಂಡಿವೆ. ಪರಿವರ್ತಕ ತಂತ್ರಾಂಶಗಳಿವೆ. ಆದರೆ ಅರ್ಕಾವೊತ್ತು, ಅಂಕಿಗಳು ಕೆಡಬಹುದು, ಸಾಲು ಸಾಲು ನೋಡಿ. ಮೂಲ ಫೈಲನ್ನು ಅಳಿಸದೆ, ಫಾಂಟಿನ ಹೆಸರು ಬರೆದು ಪಕ್ಕದಲ್ಲೇ ಇಡಿ.

ತಾತನ ಪತ್ರ ನಮ್ಮ ಹತ್ತಿರ ಇದೆ. ಪುಸ್ತಕ ಮಾಡಬಹುದಾ?

ಕಾಗದದ ಒಡೆತನ ಬೇರೆ, ಬರೆದದ್ದರ ಹಕ್ಕು ಬೇರೆ. ತಾತನಿಗೆ *ಬಂದ* ಪತ್ರದ ಹಕ್ಕು ಬರೆದವರದ್ದು, ಅವರ ನಂತರ ಅವರ ವಾರಸುದಾರರದ್ದು. ನಮ್ಮಲ್ಲಿ ಸಾಮಾನ್ಯ ಅವಧಿ ಲೇಖಕರು ತೀರಿದ ಮೇಲೆ 60 ವರ್ಷ. ಅವರು ತೀರಿದ ಮೇಲೆ ಮೊದಲ ಸಲ ಪ್ರಕಟವಾಗುವ ಬರಹಕ್ಕೆ ಲೆಕ್ಕ ಬೇರೆ. ಅಚ್ಚಿಗೆ ಮುಂಚೆ ವಕೀಲರನ್ನು ಕೇಳಿ. ಸಂಸ್ಥೆ ಕೊಟ್ಟ ಓದುವ ಅನುಮತಿ ಪ್ರಕಟಿಸುವ ಅನುಮತಿಯಲ್ಲ.

ಸಂಗ್ರಹದಲ್ಲಿ ನಮ್ಮ ಕೇರಿಯವರ ಕಾಗದವೇ ಇಲ್ಲ. ನಮ್ಮವರು ಬರೆಯುತ್ತಲೇ ಇರಲಿಲ್ಲ. ಹಾಗಾದ್ರೆ ನಮಗೆ ಚರಿತ್ರೆ ಇಲ್ವಾ?

ಇದು ನ್ಯಾಯವಾದ ಕೋಪ. ಅಕ್ಷರ ಯಾರ ಕೈಯಲ್ಲಿತ್ತೋ ಅವರ ಮನೆಯ ಕಟ್ಟುಗಳೇ ಕಪಾಟು ತುಂಬಿವೆ. ಇದು ಆಕಸ್ಮಿಕ ಅಲ್ಲ.

ದಾರಿ ಎರಡಿವೆ. ಮೊದಲನೆಯದು, ಬೇರೆಯವರ ಕಾಗದದಲ್ಲಿ ನಿಮ್ಮವರನ್ನು ಹುಡುಕುವುದು. ಶಾನುಭೋಗರ ಲೆಕ್ಕದಲ್ಲಿ ತೋಟಿ, ತಳವಾರ, ನೀರುಗಂಟಿಗಳ ಹೆಸರು ಇರುತ್ತದೆ. ಪೊಲೀಸ್ ದೂರು, ಆಸ್ಪತ್ರೆ ರಿಜಿಸ್ಟರ್, ಶಾಲೆಯ ದಾಖಲಾತಿ ಪುಸ್ತಕದಲ್ಲೂ ಸಿಗುತ್ತಾರೆ.

ಎರಡನೆಯದು, ಬಾಯಿಮಾತನ್ನೇ ದಾಖಲೆ ಮಾಡುವುದು. ವಿಶ್ವವಿದ್ಯಾಲಯದ ಜಾನಪದ ಸಂಗ್ರಹ ಬೆಳೆದದ್ದೇ ಹೀಗೆ, ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಅವರಂಥವರು ಊರೂರು ಅಲೆದು ತಂದದ್ದರಿಂದ. ಈಗ ಮೊಬೈಲ್ ಸಾಕು. ಫ್ಯಾನ್ ಆರಿಸಿ, ಕುಕ್ಕರ್ ಕೂಗದ ಹೊತ್ತು ನೋಡಿ. ಶುರುವಿನಲ್ಲೇ ಹೇಳುವವರ ಹೆಸರು, ಊರು, ತೇದಿ, "ಇದನ್ನು ಸಂಗ್ರಹಕ್ಕೆ ಕೊಡಬಹುದಾ" ಎಂಬ ಪ್ರಶ್ನೆ, ಅವರ ಉತ್ತರ ಎಲ್ಲ ಧ್ವನಿಯಲ್ಲೇ ದಾಖಲಾಗಲಿ. "ನಿಮ್ಮ ಕಾಲದಲ್ಲಿ ಹೇಗಿತ್ತು" ಎಂದು ಕೇಳಿದರೆ "ಚೆನ್ನಾಗಿತ್ತು" ಅಂತಾರೆ, ಅಷ್ಟೇ. ನಾಟಿ ಕೂಲಿ ಎಷ್ಟು, ಕಾಳೋ ಕಾಸೋ, ಯಾವ ಬಾವಿಯಿಂದ ನೀರು, ಯಾವ ಬಾವಿಗೆ ಹೋಗುವ ಹಾಗಿರಲಿಲ್ಲ, ನಾಲೆ ತೋಡಲು ಯಾರು ಹೋದರು ಎಂದು ಕೇಳಿ. ಹೆಂಗಸರನ್ನು ಗಂಡಸರ ಎದುರು ಕೂರಿಸಿ ಮಾತಾಡಿಸಬೇಡಿ. ಬೇರೆಯಾಗಿ ಕೇಳಿ. ಧ್ವನಿ ಮುದ್ರಿಸಿದ ಫೈಲನ್ನು ಕತ್ತರಿಸದೆ ಪೂರ್ತಿ ಕೊಡಿ. ಜೊತೆಗೆ ಯಾವ ನಿಮಿಷದಲ್ಲಿ ಯಾವ ವಿಷಯ ಬರುತ್ತದೆ ಎಂಬ ಒಂದು ಪುಟದ ಪಟ್ಟಿ ಇದ್ದರೆ ಸೂಚಿ ಮಾಡುವವರು ಅದನ್ನು ಮೊದಲು ಕೈಗೆತ್ತಿಕೊಳ್ಳುತ್ತಾರೆ.